ಹಲಗಿಯ ಏಟುಗಳ ವಿಳಾಸ

ನನ್ನ ತಮ್ಮನ ಕಂಪ್ಯೂಟರಿನೊಳಗೆ ಒಂದು ವಾದ್ಯವಿದೆ. ಸ್ಯಾಂಪ್ಲರ್ ಎನ್ನುತ್ತಾರೆ. ಕೈಗೆ ಸಿಗುವ ವಾದ್ಯವಲ್ಲ, ಪರದೆಯ ಮೇಲೆ ಕಾಣುತ್ತದೆ ಅಷ್ಟೆ. ಟೇಬಲ್ಲಿನ ಮೇಲಿರುವ ಸಣ್ಣ ಕೀಬೋರ್ಡಿನ ಒಂದೊಂದು ಕೀಗೆ ಒಂದೊಂದು ದನಿಯ ಫೈಲನ್ನು ಕಟ್ಟಿಟ್ಟರೆ, ಆ ಕೀ ಒತ್ತಿದಾಗ ಆ ದನಿ ಕೇಳುತ್ತದೆ. ಹಾರ್ಮೋನಿಯಂ ಕಟ್ಟಿದರೆ ಹಾರ್ಮೋನಿಯಂ, ನಾಯಿಯ ಬೊಗಳಿಕೆ ಕಟ್ಟಿದರೆ ನಾಯಿ. ಅದಕ್ಕೆ ತನ್ನದೆಂಬ ದನಿ ಇಲ್ಲ. ಇದು ನನಗೆ ತಡವಾಗಿ ತಿಳಿಯಿತು. ಹಾಗೆ ತಡವಾದದ್ದರಿಂದ ತಪ್ಪು ಮಾಡದ ಒಬ್ಬ ಮನುಷ್ಯ ಕಳ್ಳನೆನಿಸಿಕೊಂಡ. ತಿಳಿದ ಮೇಲೂ ನಾನು ಬಾಯಿ ಬಿಡಲಿಲ್ಲ. ಅದನ್ನು ಬರೆಯಲು ಕೂತಿದ್ದೇನೆ.

ನಮ್ಮ ಖೋಲಿ, ಎಂದರೆ ಒಂದೇ ಕೋಣೆಯ ಮನೆ, ಕುರ್ಲಾದಲ್ಲಿ, ರೈಲು ಹಳಿಯ ಪಕ್ಕದ ಚಾಳಿನಲ್ಲಿ. ಒಂದು ಗೋಡೆಗೆ ನನ್ನ ಪಿಕೋ ಮಿಷನ್ನು, ಅದಕ್ಕೆ ತಾಗಿ ತಮ್ಮನ ಟೇಬಲ್ಲು. ಸೀರೆಗೆ ಫಾಲ್ ಹಚ್ಚುವುದು, ಪಿಕೋ ಹೊಡೆಯುವುದು, ಬ್ಲೌಸ್ ಹೊಲಿಯುವುದು ನನ್ನ ಕೆಲಸ. ತಮ್ಮ ಮೆರವಣಿಗೆಯ ಬ್ಯಾಂಜೋ ಪಾರ್ಟಿಗಳಿಗೆ ತಾಳದ ಟ್ರ್ಯಾಕು ಮಾಡಿಕೊಡುತ್ತಾನೆ. ನಾನು ಮುನ್ಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಮನೆಯಲ್ಲಿ ನಮ್ಮ ಮಾತು ದಖನಿ, ಆದರೆ ಅಕ್ಷರ ಎಂದರೆ ನನಗೆ ಕನ್ನಡವೇ. ಇಂಗ್ಲಿಷನ್ನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತೇನೆ.

ತಮ್ಮನಿಗೆ ಒಬ್ಬ ಗೆಳೆಯ. ನಮ್ಮ ವಿಜಯಪುರದ ಕಡೆಯವನೇ. ಹಗಲು ಇಲ್ಲೇ ಒಂದು ಲೇತ್ ವರ್ಕ್‌ಶಾಪಿನಲ್ಲಿ ಕೆಲಸ, ಬಿಡುವಾದಾಗ ಹಲಗಿ. ಹಲಗಿ ಎಂದರೆ ಎದೆಗೆ ಅವಚಿ ಹಿಡಿದು ಕೋಲಿನಿಂದಲೂ ಬೆರಳಿನಿಂದಲೂ ಬಾರಿಸುವ ಚರ್ಮವಾದ್ಯ. ಅವನ ಅಜ್ಜ, ಅಪ್ಪ ಎಲ್ಲರೂ ಊರಿನ ಮೊಹರಂನಲ್ಲಿ ಬಾರಿಸಿದವರು. ಮಾಟುಂಗದ ಒಂದು ಕನ್ನಡ ನಾಟಕ ತಂಡದವರು ತಮ್ಮ ನಾಟಕಕ್ಕೆ ಹಲಗಿ ಬೇಕೆಂದು ಕೇಳಿದಾಗ ಗೆಳೆಯನಿಗೆ ಪಾಳಿ ಬಿಟ್ಟು ಹೋಗುವಂತಿರಲಿಲ್ಲ. ಅವನ ಏಟುಗಳನ್ನೆಲ್ಲ ರೆಕಾರ್ಡ್ ಮಾಡಿ ಸ್ಯಾಂಪ್ಲರಿಗೆ ಕಟ್ಟೋಣ, ನಾಟಕದ ದಿನ ನಾನೇ ಕೀಬೋರ್ಡಿನಲ್ಲಿ ನುಡಿಸುತ್ತೇನೆ ಎಂದ ತಮ್ಮ.

ಆ ರೆಕಾರ್ಡಿಂಗ್ ದಿನಗಳು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿವೆ. ಬಾಗಿಲಿಗೆ, ಕಿಟಕಿಗೆ ಗಾದಿಗಳನ್ನು ನಿಲ್ಲಿಸುತ್ತಿದ್ದೆವು. ಫ್ಯಾನ್ ಬಂದ್. ಒಂದು ಲೋಕಲ್ ರೈಲು ಹೋಗಿ ಇನ್ನೊಂದು ಬರುವ ನಡುವೆ ಸಿಗುವ ಸ್ವಲ್ಪ ಹೊತ್ತಿನಲ್ಲಿ ಏಟು ಹಾಕಬೇಕು. ಚರ್ಮ ಬಿಗಿಯಾಗಲೆಂದು ಅವನು ಹಲಗಿಯನ್ನು ನಮ್ಮ ಗ್ಯಾಸ್ ಒಲೆಯ ಮೇಲೆ ಹಿಡಿದು ತಿರುಗಿಸಿ ತಿರುಗಿಸಿ ಕಾಸುತ್ತಿದ್ದ. ಅಮ್ಮಿ ಬೈಯುತ್ತಿದ್ದಳು.

"ಚಹಾ ಇಡೋ ಒಲಿ ಮ್ಯಾಲ ಚರ್ಮ ಇಡ್ತಾನ ನೋಡು! ಸಿಲಿಂಡರ್ ನಿಮ್ಮ ಶೇಠ ಕೊಡ್ತಾನೇನೋ?"

"ಚರ್ಮಕ್ಕೂ ಚಹಾ ಬೇಕು ಅಮ್ಮಿ. ಕುಡದ್ರನ ಮಾತಾಡ್ತೈತಿ."

ಅವನು ಬಂದರೆ ನಾವೆಲ್ಲ ದಖನಿ ಬಿಟ್ಟು ಕನ್ನಡಕ್ಕೆ ಹೊರಳುತ್ತಿದ್ದೆವು. ಅಮ್ಮಿಯೂ ಬೈಗುಳವನ್ನು ಕನ್ನಡದಲ್ಲೇ ಬೈಯುತ್ತಿದ್ದಳು, ಅವನಿಗೆ ಸರಿಯಾಗಿ ತಾಗಲಿ ಎಂದು.

ರೆಕಾರ್ಡ್ ಆದ ಏಟುಗಳ ಹಿಂದೆ ಮುಂದೆ ಇರುವ ಮೌನವನ್ನು ಕತ್ತರಿಸಬೇಕು. ತಮ್ಮ ಅದನ್ನು ಮಾಡುವುದನ್ನು ನೋಡಿ ನೋಡಿ, ಒಂದು ದಿನ ಗೆಳೆಯ ಇದ್ದಾಗಲೇ "ನಾ ಮಾಡ್ಲೇನು?" ಎಂದೆ. "ನಿನಗ ಬರಂಗಿಲ್ಲ ಆಪಾ" ಎಂದ. ಆಪಾ ಎಂದರೆ ಅಕ್ಕ. "ದಾರ ಕತ್ತರಿಸೂದು ನನಗ ಬರಂಗಿಲ್ಲೇನು?" ಎಂದು ಜಗಳ ತೆಗೆದು ಕುರ್ಚಿಯಲ್ಲಿ ಕೂತೆ. ಪರದೆಯ ಮೇಲೆ ಏಟು ಮೀನಿನಂತೆ ಕಾಣುತ್ತದೆ: ತಲೆ ದಪ್ಪ, ಬಾಲ ಸಣ್ಣ. ತಲೆಗೆ ತಾಗದಂತೆ ಮುಂದೆ ಕತ್ತರಿಸಬೇಕು, ಬಾಲ ಪೂರ್ತಿ ಮುಗಿದ ಮೇಲೆ ಹಿಂದೆ. ನನಗೆ ಅದು ಒಲಿಯಿತು. ಆಮೇಲೆ ಆ ಕೆಲಸ ನನ್ನದೇ ಆಯಿತು. ಶಾಲೆ ಬಿಟ್ಟ ಮೇಲೆ ಹೊಸದಾಗಿ ಏನನ್ನಾದರೂ ಕಲಿತದ್ದು ಅದೊಂದೇ. ಮಧ್ಯಾಹ್ನ ಆ ಕುರ್ಚಿಯಲ್ಲಿ ಕೂತು ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ನಾನು ಬೇರೆಯೇ ಹೆಂಗಸು ಅನ್ನಿಸುತ್ತಿತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಾನು ಸುಮ್ಮನಿದ್ದದ್ದು ಆ ಕುರ್ಚಿಗಾಗಿ.

ಎಲ್ಲ ಏಟುಗಳೂ ಕೀಗಳಿಗೆ ಕೂತವು. ತಮ್ಮ ನುಡಿಸಿ ತೋರಿಸಿದ. ಗೆಳೆಯ ಗೋಡೆಗೆ ಒರಗಿ ಕೇಳಿ ನಕ್ಕ. "ನನ್ನ ಕೈಯೆಲ್ಲಾ ನಿನ್ನ ಡಬ್ಬಿಯೊಳಗ ಹಾಕ್ಕೊಂಡಿ. ಇನ್ನ ನನ್ನ ಯಾಕ ಕರೀತಿ? ತಡಿ, ಒಂದಿನ ಎಲ್ಲಾ ಕಿತ್ಕೊಂಡು ಓಡಿ ಹೋಗ್ತೀನಿ." ಎಲ್ಲರೂ ನಕ್ಕೆವು.

ಅದಾದ ಸ್ವಲ್ಪ ದಿನಕ್ಕೆ ಕಂಪ್ಯೂಟರಿನಲ್ಲಿ ಜಾಗ ತುಂಬಿತು. ಡಿಸ್ಕಿನ ಪಟ್ಟಿ ಕೆಂಪಾಗಿದೆ, ಏನಾದರೂ ತೆಗೆಯಬೇಕು ಎಂದು ತಮ್ಮ ಗೊಣಗುತ್ತಾ ಹೊರಗೆ ಹೋದ. ಸಹಾಯ ಮಾಡೋಣವೆಂದು ನಾನು ಕೂತೆ. ಹಲಗಿಯ ಕತ್ತರಿಸಿದ ಫೈಲುಗಳೆಲ್ಲ ಒಂದು ಫೋಲ್ಡರಿನಲ್ಲಿದ್ದವು, ಕತ್ತರಿಸುವ ಮುಂಚಿನವನ್ನು ತಮ್ಮ ಆಗಲೇ ಅಳಿಸಿದ್ದ. ನನ್ನ ತಲೆಯಲ್ಲಿದ್ದದ್ದು ಬ್ಲೌಸಿನ ಲೆಕ್ಕ. ಕಾಗದದ ಮೇಲೆ ಅಳತೆ ಬರೆದು ಕತ್ತರಿಸಿ, ಬಟ್ಟೆಯ ಮೇಲಿಟ್ಟು ಗೆರೆ ಎಳೆದು ಹೊಲಿದಾದ ಮೇಲೆ ಆ ಕಾಗದ ಬ್ಲೌಸಿಗೆ ಬೇಕಿಲ್ಲ. ಮಡಚಿ ಟ್ರಂಕಿನಲ್ಲಿಡುತ್ತೇವೆ. ಏಟುಗಳೂ ಸ್ಯಾಂಪ್ಲರಿಗೆ ಹೊಲಿದು ಆಗಿವೆ, ಈ ಫೈಲುಗಳು ಬರೀ ಕಾಗದ ಎಂದುಕೊಂಡೆ. ಎಲ್ಲವನ್ನೂ ಹೊರಗಿನಿಂದ ಹಚ್ಚುವ ಹಳೆಯ ಹಾರ್ಡ್ ಡಿಸ್ಕಿಗೆ ಸಾಗಿಸಿದೆ. ಸಾಗಿಸಿ ಸುಮ್ಮನಿರಲಿಲ್ಲ. ತಮ್ಮ ಇಟ್ಟ ಹೆಸರುಗಳು ಬರೀ ಇಂಗ್ಲಿಷ್ ಅಕ್ಷರ, ಅಂಕಿ, ನನಗೆ ಅರ್ಥವಾಗದವು. ದಾರದ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸುವ ಕೈ ನನ್ನದು. ಒಂದೊಂದನ್ನೇ ಕೇಳಿ, ಕನ್ನಡದಲ್ಲಿ ಹೆಸರಿಟ್ಟೆ. ದೊಡ್ಡ ಏಟು, ಅಂಚಿನ ಏಟು, ಬೆರಳು, ಸಣ್ಣ ಕಡ್ಡಿ. ಒಂದು ಏಟಿನ ಬಾಲದಲ್ಲಿ ರೈಲಿನ ಗುಂಯ್ ಸೇರಿಕೊಂಡಿತ್ತು. ಅದು ಹಾಳಾದದ್ದು ಎಂದು ಅಳಿಸಿಯೇ ಬಿಟ್ಟೆ. ಡಿಸ್ಕನ್ನು ಗುಂಡಿಗಳ ಡಬ್ಬದೊಳಗೆ ಇಟ್ಟು ಮುಚ್ಚಿದೆ. ಕೆಂಪು ಪಟ್ಟಿ ನೀಲಿಯಾಯಿತು. ತಮ್ಮನಿಗೆ ಹೇಳಬೇಕೆಂದಿದ್ದೆ, ಗಿರಾಕಿಯೊಬ್ಬಳು ಬಂದಳು, ಮರೆತೆ.

ಮರುದಿನ ನಾನು ಸಯನ್ನಿಗೆ ಸೀರೆಗಳನ್ನು ಕೊಟ್ಟು ಬರಲು ಹೋಗಿದ್ದಾಗ ಗೆಳೆಯ ಬಂದು, ಬ್ಯಾಂಜೋ ಪಾರ್ಟಿಯ ಹಾಡೊಂದನ್ನು ಕೇಳಲು ಒಬ್ಬನೇ ಕಂಪ್ಯೂಟರಿನ ಮುಂದೆ ಕೂತಿದ್ದನಂತೆ. ಅದರ ಮರುದಿನ ಸಂಜೆ ಮಾಟುಂಗದಲ್ಲಿ ತಾಲೀಮು. ಹೊರಡುವ ಮುಂಚೆ ಒಮ್ಮೆ ನುಡಿಸಿ ನೋಡೋಣವೆಂದು ತಮ್ಮ ಸ್ಯಾಂಪ್ಲರ್ ತೆರೆದ. ಗೆಳೆಯನೂ ಇದ್ದ. ಪರದೆಯ ಮೇಲೆ ಒಂದು ಚೌಕಟ್ಟು ಬಂದು, ಫೈಲುಗಳು ಸಿಗುತ್ತಿಲ್ಲ ಎಂದಿತು. ಕೀಬೋರ್ಡಿನ ಈ ತುದಿಯಿಂದ ಆ ತುದಿಗೆ ತಮ್ಮ ಬೆರಳು ಓಡಿಸಿದ. ಒಂದು ಕೀಯೂ ಸದ್ದು ಮಾಡಲಿಲ್ಲ. ಕಂಪ್ಯೂಟರ್ ಪೂರ್ತಿ ಜಾಲಾಡಿದ. ಆ ಹೆಸರಿನ ಒಂದು ಫೈಲೂ ಇರಲಿಲ್ಲ.

ಅವನು ನಿಧಾನಕ್ಕೆ ಗೆಳೆಯನ ಕಡೆ ತಿರುಗಿದ. "ಕಿತ್ಕೊಂಡು ಹೋಗ್ತೀನಿ ಅಂದಿದ್ದಿಲ್ಲ?"

"ಏ, ಚೇಷ್ಟಾಕ್ಕ ಅಂದಿದ್ದನಪಾ ಅದು."

"ನಿನ್ನೆ ಇಲ್ಲಿ ನೀ ಒಬ್ಬನ ಕುಂತಿದ್ದಿ."

"ಹಾಡ ಕೇಳಿದೆ, ಎದ್ದು ಹೋದೆ. ನನಗ ಇದನ್ನ ಚಾಲೂ ಮಾಡಾಕ ಬರೋದ ತ್ರಾಸು, ಅಳಸಾಕ ಎಲ್ಲಿಂದ ಬರಬೇಕು?"

"ಕಲಾಕಾರ ನೀನು. ಹೆಸರ ನನಗ ಬರತೈತಿ ಅಂತ ಹೊಟ್ಟಿಕಿಚ್ಚು."

"ಬಾಯಿ ಹಿಡದ ಮಾತಾಡು."

ದನಿ ಏರಿತು. ಬಾಗಿಲು ತೆರೆದಿತ್ತು, ಚಾಳಿನವರು ಗ್ಯಾಲರಿಗೆ ಬಂದು ನಿಂತರು. ಎಲ್ಲರ ಮುಂದೆ ತಮ್ಮ ಅವನನ್ನು ಕಳ್ಳ ಎಂದ. ನಾನು ಮಿಷನ್ನಿನ ಮುಂದೆ ಒಂದು ಸೀರೆಯ ಸೆರಗು ಹಿಡಿದು ಕೂತಿದ್ದೆ. ಆ ಚೌಕಟ್ಟು ಬಂದಾಗಲೇ ನನಗೆ ಹೊಳೆದಿತ್ತು. ಗುಂಡಿಯ ಡಬ್ಬ ನನ್ನ ಕಾಲ ಬಳಿಯೇ ಇತ್ತು. ಹೇಳು, ಹೇಳು ಎಂದುಕೊಂಡೆ. ಹೇಳಿದರೆ ತಮ್ಮ ಆ ಕುರ್ಚಿಯನ್ನು ಇನ್ನು ಮುಟ್ಟಲು ಬಿಡುವುದಿಲ್ಲ ಎಂದೂ ಅಂದುಕೊಂಡೆ. ಗೆಳೆಯ ಚಪ್ಪಲಿ ಮೆಟ್ಟುತ್ತಾ ಒಮ್ಮೆ ನನ್ನ ಕಡೆ ನೋಡಿದ. ನಾನು ಸೂಜಿಗೆ ದಾರ ಪೋಣಿಸತೊಡಗಿದೆ. ಅವನು ಹೋದ.

ತಾಲೀಮಿಗೆ ತಮ್ಮ ಎಲ್ಲಿಂದಲೋ ಇಳಿಸಿಕೊಂಡ ರೆಡಿಮೇಡ್ ಡ್ರಮ್ಮಿನ ದನಿಗಳನ್ನು ಒಯ್ದ. ನಾಟಕ ಮಾಡಿಸುವವರು ಉಡುಪಿ ಕಡೆಯವರು. "ಇದು ಹಲಗಿಯಾ ಮಾರಾಯ? ಡಾಲ್ಡಾ ಡಬ್ಬ ಬಡಿದ ಹಾಗೆ ಉಂಟು" ಎಂದರಂತೆ. 

ನಾನು ಅಂದುಕೊಂಡೆ, ಏಟುಗಳನ್ನು ಯಾರಿಗೂ ಗೊತ್ತಾಗದಂತೆ ವಾಪಸ್ ಇಟ್ಟುಬಿಟ್ಟರೆ ಎಲ್ಲ ಸರಿಹೋಗುತ್ತದೆ. ತಮ್ಮ ಹೊರಗೆ ಹೋದ ಮಧ್ಯಾಹ್ನ ಡಿಸ್ಕ್ ಹಚ್ಚಿ ಫೈಲುಗಳನ್ನು ಹಳೆಯ ಜಾಗಕ್ಕೇ ಹಾಕಿದೆ. ಮತ್ತೆ ಅದೇ ಚೌಕಟ್ಟು. ಆಗ ಹಟ ಹಿಡಿಯಿತು. ಮೊಬೈಲಿನಲ್ಲಿ ಹಿಂದಿಯ ವಿಡಿಯೋಗಳನ್ನು ನೋಡಿದೆ. ಅದರಲ್ಲಿನ ಹುಡುಗರ ಮಾತು ಓಡುತ್ತದೆ. ನಿಲ್ಲಿಸಿ, ಹಿಂದೆ ಎಳೆದು, ಮತ್ತೆ ನೋಡಿದೆ. ಸ್ಯಾಂಪ್ಲರಿನಲ್ಲಿ ಪ್ರಿಫರೆನ್ಸಸ್ ಎಂಬ ಪುಟ ಇದೆ ಎಂದು ಹೀಗೆ ಗೊತ್ತಾಯಿತು. ಇಂಗ್ಲಿಷ್ ಸಾಲುಗಳ ಮೇಲೆ ಬೆರಳಿಟ್ಟು ಕೂಡಿಸಿ ಓದಿದೆ.

ಓದುತ್ತಾ ಹೋದಂತೆ ನನ್ನ ತಪ್ಪಿನ ಆಕಾರ ಕಂಡಿತು. ಸ್ಯಾಂಪ್ಲರ್ ದನಿಯನ್ನು ಹೊಲಿದುಕೊಳ್ಳುವುದಿಲ್ಲ. ಯಾವ ಕೀಗೆ ಯಾವ ಫೈಲು, ಅದು ಯಾವ ಫೋಲ್ಡರಿನಲ್ಲಿ ವಾಸ ಎಂಬ ವಿಳಾಸವನ್ನಷ್ಟೇ ಇಟ್ಟುಕೊಳ್ಳುತ್ತದೆ. ಕೀ ಒತ್ತಿದಾಗ ಆ ವಿಳಾಸಕ್ಕೆ ಹೋಗಿ ಬಾಗಿಲು ತಟ್ಟುತ್ತದೆ. ನಾನು ಮನೆಯನ್ನೂ ಬದಲಿಸಿದ್ದೆ, ಹೆಸರನ್ನೂ ಬದಲಿಸಿದ್ದೆ. ಪ್ರಿಫರೆನ್ಸಸ್ಸಿನಲ್ಲಿ ಒಂದು ಕಡೆ, ಫೈಲು ಸಿಗದಿದ್ದರೆ ಈ ಫೋಲ್ಡರಿನಲ್ಲಿ ಹುಡುಕು ಎಂದು ತಿಳಿಸಬಹುದು. ತಿಳಿಸಿದೆ. ಹುಡುಕಿತು. ಆದರೆ ಅದು ಹುಡುಕುವುದು ಹೆಸರಿನಿಂದ. ಕನ್ನಡದ ಹೆಸರುಗಳು ಅದಕ್ಕೆ ಯಾರೋ ಪರರು. ಇನ್ನೊಂದು ಕಡೆ, ವಾದ್ಯವನ್ನು ಸೇವ್ ಮಾಡುವಾಗ ಬರೀ ವಿಳಾಸ ಸಾಕೋ, ದನಿಗಳ ನಕಲನ್ನೂ ಜೊತೆಗೇ ಇಡಬೇಕೋ ಎಂದು ಕೇಳುವ ಸಾಲು ಇತ್ತು. ತಮ್ಮ ಅದನ್ನು ಎಂದೂ ನೋಡಿರಲಿಲ್ಲ. ಬರೀ ವಿಳಾಸ ಎಂಬುದಕ್ಕೇ ಗುರುತು ಬಿದ್ದಿತ್ತು. ನಕಲು ಜೊತೆಗಿದ್ದಿದ್ದರೆ ನಾನು ಏನು ಸಾಗಿಸಿದ್ದರೂ ಏಟುಗಳು ಉಳಿಯುತ್ತಿದ್ದವು.

ಇನ್ನು ಉಳಿದದ್ದು ಕೈಕೆಲಸ. ತಮ್ಮ ನುಡಿಸಿದ್ದ ಹಳೆಯ ಟ್ರ್ಯಾಕೊಂದು ನನ್ನ ಮೊಬೈಲಿನಲ್ಲಿತ್ತು. ಅವನು ಯಾವ ಕೀ ಒತ್ತಿದರೆ ಯಾವ ಏಟು ಎಂಬುದು ನೋಡಿ ನೋಡಿ ನನಗೆ ನೆನಪಿತ್ತು. ಒಂದೊಂದು ಖಾಲಿ ಕೀಯನ್ನೂ ಆರಿಸಿ, ಕಿವಿಯಿಂದ ಗುರುತು ಹಿಡಿದು, ಸರಿಯಾದ ಫೈಲನ್ನು ತೋರಿಸುತ್ತಾ ಹೋದೆ. ತಮ್ಮ ಬರುವ ಹೊತ್ತಿಗೆ ಮುಚ್ಚುತ್ತಿದ್ದೆ, ಮತ್ತೊಂದು ಮಧ್ಯಾಹ್ನ ಮುಂದುವರಿಸುತ್ತಿದ್ದೆ. ಪಿಕೋ ಕೆಲಸ ಹಿಂದೆ ಬಿತ್ತು. ಅಮ್ಮಿ ನೋಡಿ, "ಬಿಡು, ಹೋಗಿದ್ದು ಹೋಯಿತು" ಎಂದಳು. ಬಿಡಲಿಲ್ಲ.

ಕೊನೆಗೆ ಒಂದು ಕೀ ಮಾತ್ರ ಖಾಲಿ ಉಳಿಯಿತು. ನಾನು ಅಳಿಸಿದ್ದ ಏಟಿನದು. ಅಂಗೈಯನ್ನು ಚರ್ಮಕ್ಕೆ ಒತ್ತಿ ಎಳೆದು ಹೊಡೆಯುವ ಗುಮ್ ಎನ್ನುವ ದನಿ. ಅದಕ್ಕೂ ಉಪಾಯ ಹುಡುಕಿದೆ. ದೊಡ್ಡ ಏಟಿನ ಶ್ರುತಿಯನ್ನು ಇಳಿಸಿ ಅಲ್ಲಿ ಕಟ್ಟಿದೆ. ಹೆಚ್ಚುಕಡಿಮೆ ಹಾಗೇ ಕೇಳಿಸಿತು. ತಮ್ಮನಿಗೂ ಗೊತ್ತಾಗುತ್ತಿರಲಿಲ್ಲ.

ಅದನ್ನು ಮತ್ತೆ ಮತ್ತೆ ಒತ್ತಿ ಕೇಳುತ್ತಿದ್ದಾಗ ನನಗೆ ಹೇಸಿಗೆಯಾಯಿತು. ಇದು ನಾವು ಗಿರಾಕಿಯ ಸೀರೆ ಮಿಷನ್ನಿಗೆ ಸಿಕ್ಕಿ ಹರಿದಾಗ ಮಾಡುವ ಕೆಲಸ. ಒಳಗಿನಿಂದ ತೇಪೆ ಹಾಕಿ, ಇಸ್ತ್ರಿ ತಿಕ್ಕಿ, ಮಡಚಿ ಕೊಟ್ಟುಬಿಡುವುದು. ನಾನು ಇಲ್ಲಿ ಹಾಗೆ ಮಾಡಿದರೆ ತಮ್ಮನಿಗೆ ವಾದ್ಯ ಸಿಗುತ್ತದೆ, ನನಗೆ ಕುರ್ಚಿ ಉಳಿಯುತ್ತದೆ. ಕಂಪ್ಯೂಟರ್ ತಾನೇ ಕೆಟ್ಟು ತಾನೇ ಸರಿಹೋಯಿತು ಎಂದುಕೊಳ್ಳುತ್ತಾರೆ. ಆದರೆ ಚಾಳಿನವರ ಮುಂದೆ ಕಳ್ಳನಾದವನು ಕಳ್ಳನಾಗಿಯೇ ಇರುತ್ತಾನೆ. ತೇಪೆಯನ್ನು ಕಿತ್ತು ಹಾಕಿದೆ. ಆ ಕೀಯನ್ನು ಖಾಲಿಯಾಗಿಯೇ ಬಿಟ್ಟು, ಬುರ್ಖಾ ಹಾಕಿಕೊಂಡು ವರ್ಕ್‌ಶಾಪಿಗೆ ಹೊರಟೆ.

ಅವನು ಹೊರಗೆ ಚಹಾದ ಗಾಡಿಯ ಬಳಿ ನಿಂತಿದ್ದ. ಕೈಯೆಲ್ಲ ಎಣ್ಣೆ.

"ಏನ ಆಪಾ, ಮತ್ತೇನರ ಕಳದೈತೇನು? ಕಿಸೆ ತೋರಸ್ಲೇನು?"

"ಫೈಲ ನೀ ತಗದಿಲ್ಲ. ನಾ ತಗದಿದ್ದೆ. ಜಾಗ ಆಗ್ಲಿ ಅಂತ ಬ್ಯಾರೆ ಡಿಸ್ಕಿಗೆ ಹಾಕಿ ಹೆಸರ ಬದಲ ಮಾಡಿದ್ದೆ."

ಅವನು ಗ್ಲಾಸು ಕೆಳಗಿಟ್ಟ. "ನಾ ತಗದಿಲ್ಲ ಅನ್ನೂದು ನನಗ ಗೊತ್ತಿತ್ತು. ಯಾರ ತಗದಾರ ಅನ್ನೂದ ಗೊತ್ತಿದ್ದಿಲ್ಲ."

ಎಣ್ಣೆಯ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಅವತ್ತ ನೀವು ಅಲ್ಲೇ ಇದ್ರಿ."

"ಇದ್ದೆ."

"ನಿಮ್ಮ ಮಾರಿ ನೋಡ್ದೆ ನಾ. ಆಪಾ ಒಂದ ಮಾತ ಆಡ್ತಾರ, ಇವ ಹಂಗ ಮಾಡಾವಲ್ಲ ಅಂತಾರ ಅಂತ. ಸೂಜಿ ನೋಡಾಕತ್ರಿ."

"ತಪ್ಪಾತು."

"ನನ್ನ ಮುಂದ ಅಂದ್ರ ಏನ ಬಂತು? ಅವನ ಮುಂದ ಅನ್ರಿ." ಚಹಾ ಕುಡಿದು ಮುಗಿಸದೆಯೇ ಒಳಗೆ ಹೋದ. ಲೇತಿನ ಸದ್ದು ಶುರುವಾಯಿತು.

ಮನೆಗೆ ಬಂದಾಗ ತಮ್ಮ ಊಟಕ್ಕೆ ಕೂತಿದ್ದ. ಉಣ್ಣಲಿ, ಆಮೇಲೆ ಹೇಳೋಣ ಎಂದು ಒಂದು ಕ್ಷಣ ಅನ್ನಿಸಿತು. ಆಮೇಲೆ ಎಂದುಕೊಂಡದ್ದಕ್ಕೇ ಇಷ್ಟೆಲ್ಲ ಆದದ್ದು. ಗುಂಡಿಯ ಡಬ್ಬ ತಂದು ಅವನ ತಟ್ಟೆಯ ಪಕ್ಕ ಇಟ್ಟೆ, ಮುಚ್ಚಳ ತೆಗೆದೆ, ಡಿಸ್ಕ್ ತೋರಿಸಿ ಎಲ್ಲ ಹೇಳಿದೆ. ನಾವಿಬ್ಬರೂ ದಖನಿಯಲ್ಲಿ ಆಡಿದ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನಾನು ಅವನನ್ನ ಎಲ್ಲರೆದುರು ಕಳ್ಳ ಅಂದೆ, ಆಪಾ. ನೀನು ಕೇಳಿಸಿಕೊಂಡು ಕೂತಿದ್ದೆ."

"ಹೌದು."

"ಕಾಯ್ಕು?" ಯಾಕೆ ಎಂದ. ಈ ಒಂದು ಪದವನ್ನು ಅವನು ಅಂದಂತೆಯೇ ಬರೆಯಬೇಕು.

"ಆ ಕುರ್ಚಿ ಹೋಗುತ್ತೆ ಅಂತ."

ಅವನು ಕುರ್ಚಿಯನ್ನು ನೋಡಿದ, ನನ್ನನ್ನು ನೋಡಿದ. ನಂಬಲು ಆಗಲಿಲ್ಲವೇನೋ. "ಒಂದು ಕುರ್ಚಿಗೆ?" ಎಂದ. ಕೈ ತೊಳೆದ. "ಇನ್ನು ಅಲ್ಲಿ ಕೂರಬೇಡ."

"ಅಕ್ಕನಿಗೆ ಹೀಗೆ ಹೇಳುತ್ತೀಯಾ?" ಎಂದಳು ಅಮ್ಮಿ.

"ಹೇಳಲಿ ಅಮ್ಮಿ" ಎಂದೆ. "ಮೊದಲು ಅವನ ಹತ್ತಿರ ಹೋಗು" ಎಂದೆ ತಮ್ಮನಿಗೆ. ನಾನು ಹೇಳುವ ಮೊದಲೇ ಅವನು ಚಪ್ಪಲಿ ಹುಡುಕುತ್ತಿದ್ದ.

ವಾಪಸ್ ಒಬ್ಬನೇ ಬಂದ. ಏನಾಯಿತೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಗ್ಯಾಲರಿಯಲ್ಲಿ ನಿಂತು, ಅವತ್ತು ನೋಡಲು ಬಂದಿದ್ದ ಪಕ್ಕದ ಖೋಲಿಯವರಿಗೆ ನಾನೇ ಹೇಳಿದೆ: ಅವನು ಏನೂ ತೆಗೆದಿರಲಿಲ್ಲ, ತೆಗೆದಿಟ್ಟವಳು ನಾನು. "ಅಯ್ಯೋ, ಅಷ್ಟೇ ತಾನೆ" ಎಂದು ಒಬ್ಬಳು ನಕ್ಕಳು. ಅವಳಿಗೆ ಅಷ್ಟೇ. ಪ್ರತಿ ಬಾಗಿಲಿಗೂ ಹೋಗಿ ಹೇಳಿದೆ.

ವರ್ಕ್‌ಶಾಪಿನ ರಜೆಯ ದಿನ ಅವನು ಬಂದ. ಹೆಗಲಿಗೆ ಹಲಗಿ. ನನ್ನ ಕಡೆ ನೋಡಲಿಲ್ಲ. ತಮ್ಮ ಎದ್ದು ನಿಂತ, ಫ್ಯಾನಿನ ವೇಗ ಹೆಚ್ಚಿಸಿದ.

"ಒಂದ ಏಟ ಹೋಗೇತಂತ. ಹಾಕಿ ಕೊಡ್ತೀನಿ" ಎಂದ ಗೆಳೆಯ. "ಆದ್ರ ಒಂದ ಮಾತು. ನನ್ನ ಏಟ ನನ್ನ ಹತ್ರನೂ ಇರಬೇಕು. ನಾಳೆ ಮತ್ತೇನರ ಕಳದ್ರ ನನ್ನ ಮ್ಯಾಲ ಬರಬಾರ್ದು." ಕಿಸೆಯಿಂದ ಹೊಸ ಪೆನ್‌ಡ್ರೈವ್ ತೆಗೆದು ಟೇಬಲ್ಲಿನ ಮೇಲಿಟ್ಟ.

ತಮ್ಮ ತಲೆಯಾಡಿಸಿ ಸ್ಯಾಂಪ್ಲರ್ ತೆರೆದ. ವಾದ್ಯವನ್ನು ದನಿಗಳ ಸಮೇತ ಸೇವ್ ಮಾಡುವುದು ಎಲ್ಲಿದೆ ಎಂದು ಈ ಮೆನು ಆ ಮೆನು ತೆರೆದು ಮುಚ್ಚಿದ.

"ಪ್ರಿಫರೆನ್ಸಸ್‌ನ್ಯಾಗ ಐತಿ" ಎಂದೆ, ಮಿಷನ್ನಿನ ಬಳಿಯಿಂದಲೇ.

 ತಮ್ಮ ಕುರ್ಚಿಯಿಂದ ಏಳಲಿಲ್ಲ, ಮೌಸನ್ನು ಮಾತ್ರ ನನ್ನ ಕಡೆಗೆ ಸ್ವಲ್ಪ ಸರಿಸಿದ. ನಾನು ನಿಂತುಕೊಂಡೇ ಬಗ್ಗಿ ಆ ಪುಟ ತೆರೆದೆ. ಬರೀ ವಿಳಾಸ ಎಂಬಲ್ಲಿದ್ದ ಗುರುತನ್ನು ತೆಗೆದು, ದನಿಗಳ ನಕಲು ಜೊತೆಗಿರಲಿ ಎಂಬುದಕ್ಕೆ ಹಾಕಿದೆ. ಕೆಳಗೆ ನಕಲು ಎಲ್ಲಿಡಬೇಕು ಎಂದು ಕೇಳುತ್ತದೆ, ಅದನ್ನೂ ತೋರಿಸಿದೆ. ಮತ್ತೆ ನನ್ನ ಮಿಷನ್ನಿಗೆ ಬಂದೆ.

ಗೆಳೆಯ ಒಲೆ ಹಚ್ಚಿ ಹಲಗಿ ಕಾಸಿದ. ಅಮ್ಮಿ ಈ ಸಲ ಬೈಯಲಿಲ್ಲ, ಅದು ಇನ್ನೂ ಕೆಟ್ಟದೆನಿಸಿತು. ಗಾದಿಗಳನ್ನು ನಿಲ್ಲಿಸಿ ಫ್ಯಾನ್ ಬಂದ್ ಮಾಡಿದೆವು. ಒಂದು ಲೋಕಲ್ ಹೋಯಿತು. ಅಂಗೈ ಒತ್ತಿ ಎಳೆದು ಅವನು ಹೊಡೆದ. ಗುಮ್. ತಮ್ಮ ಫ್ಯಾನ್ ಮತ್ತೆ ಹಚ್ಚಿ ಅದನ್ನು ತಾನೇ ಕತ್ತರಿಸಿದ, ಕೀಗೆ ಕಟ್ಟಿದ, ಒತ್ತಿದ. ಸೇವ್ ಮಾಡಲು ಹೊರಟ.

ನನ್ನ ಕಿವಿಗೆ ಗೊತ್ತಾಯಿತು. ಮುಂದಿನ ತುದಿಯಲ್ಲಿ ಒಂದು ಕೂದಲೆಳೆ ಹೆಚ್ಚು ಹೋಗಿತ್ತು. ಅಂಗೈ ಚರ್ಮಕ್ಕೆ ತಾಗುವ ಮೊದಲ ಸದ್ದು ಇರಲಿಲ್ಲ. ಈಗ ನಾನು ಬಾಯಿ ತೆರೆಯುವ ಹಾಗಿತ್ತೇ? ಕುರ್ಚಿ ನನ್ನದಲ್ಲ, ಮಾತೂ ನನ್ನದಲ್ಲ. ಸೂಜಿಯ ಕಡೆ ಕಣ್ಣು ಹೋಯಿತು. ಹೋದದ್ದು ತಿಳಿದು ತಲೆ ಎತ್ತಿದೆ.

"ತಲಿ ಕತ್ತರಿಸೀದಿ" ಎಂದೆ. "ಕೈ ತಾಗೂದು ಕೇಳವಲ್ಲದು."

ತಮ್ಮ ತಿರುಗಿ ದುರುಗುಟ್ಟಿದ. ಗೆಳೆಯ ಕೀಬೋರ್ಡಿಗೆ ಬಗ್ಗಿ ತಾನೇ ಒಮ್ಮೆ ಒತ್ತಿದ, ಇನ್ನೊಮ್ಮೆ ಒತ್ತಿದ.

"ಖರೇನ ಹೇಳ್ತಾರ" ಎಂದ. ಬಂದಾಗಿನಿಂದ ಮೊದಲ ಸಲ ನನ್ನ ಕಡೆ ನೋಡಿದ, ನಗಲಿಲ್ಲ. "ತಡಿ, ಇನ್ನೊಂದ ಸಲ ಹೊಡೀತೀನಿ. ಅಮ್ಮಿ, ಚರ್ಮ ಆರೇತಿ, ಒಲಿ ಬೇಕು."

"ಸಿಲಿಂಡರ್ ನಿಮ್ಮ ಶೇಠ ಕೊಡ್ತಾನೇನೋ?" ಎಂದಳು ಅಮ್ಮಿ.

ನಾನು ಎದ್ದು ಹೋಗಿ ಫ್ಯಾನ್ ಬಂದ್ ಮಾಡಲು ಸ್ವಿಚ್ಚಿನ ಮೇಲೆ ಕೈ ಇಟ್ಟು ನಿಂತೆ, ರೈಲು ದಾಟಲೆಂದು.